ಫ್ರಾನ್ಸಿಸ್ಕೊ ಕ್ಸೇವಿಯರ್ ಬುಲ್ಟೊ

ಫ್ರಾನ್ಸಿಸ್ಕೊ ಕ್ಸೇವಿಯರ್ ಬುಲ್ಟೊ (17 ಮೇ 1912 – 3 ಆಗಸ್ಟ್ 1998) ಸ್ಪೇನ್ ದೇಶದ ಕೆಟಲೋನಿಯಾ ಪ್ರಾಂತ್ಯದ ಉದ್ಯಮಿ ಹಾಗೂ ಮೋಟಾರ್‌ಸೈಕಲ್ ತಯಾರಕರು. ಆಪ್ತರ ನಡುವೆ ಇವರು ಪಾಕೊ ಬುಲ್ಟೊ ಎಂದೇ ಪರಿಚಿತರಾಗಿದ್ದರು. ಪೆರೆ ಪೆರ್ಮಾನ್ಯೆರ್ ಅವರೊಡಗೂಡಿ ಮೊಂಟೆಸಾ ಸಂಸ್ಥೆಯನ್ನು ಕಟ್ಟಿದ ಇವರು, 1958ರಲ್ಲಿ ಅದರಿಂದ ಹೊರಬಂದು ಬುಲ್ಟಾಕೊ ಸಂಸ್ಥೆಯನ್ನು ಸ್ಥಾಪಿಸಿದರು. ಕಲ್ಲುಬಂಡೆ, ಹಳ್ಳ, ಕೆಸರುಗಳಿಂದ ಕೂಡಿದ ದುರ್ಗಮ ಹಾದಿಯ ಸ್ಪರ್ಧೆಗಳಲ್ಲಿ ಬುಲ್ಟಾಕೊ ವಾಹನಗಳು 1960 ಮತ್ತು 1970ರ ದಶಕಗಳಲ್ಲಿ ಅಗ್ರಸ್ಥಾನದಲ್ಲಿದ್ದವು. ಸುಮಾರು ಇಪ್ಪತ್ತೈದು ವರ್ಷಗಳ ಕಾಲ ನಡೆದ ಈ ಸಂಸ್ಥೆಯು ಆರ್ಥಿಕ ಮುಗ್ಗಟ್ಟು, ಕಾರ್ಮಿಕ ಅಶಾಂತಿ ಮತ್ತು ಜಪಾನಿ ಕಂಪನಿಗಳ ಪೈಪೋಟಿಗೆ ಸಿಲುಕಿ 1983ರಲ್ಲಿ ಮುಚ್ಚಿಹೋಯಿತು. ಸ್ಥಾಪಕರ ಜೀವಿತಕಾಲದಲ್ಲಿಯೇ ಹುಟ್ಟಿ, ಬೆಳೆದು, ಕಣ್ಮರೆಯಾದ ಉದ್ಯಮವಿದು.

ಹಿನ್ನೆಲೆ

ಬುಲ್ಟೊ ಅವರು ಬಾರ್ಸಿಲೋನಾ ನಗರದ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಿಂದಲೇ ಅವರಿಗೆ ಯಂತ್ರಗಳಲ್ಲಿಯೂ ಮೋಟಾರ್‌ಸೈಕಲ್ ಸವಾರಿಯಲ್ಲಿಯೂ ವಿಶೇಷ ಆಸಕ್ತಿಯಿತ್ತು. ಅವರ ಯೌವನದ ದಿನಗಳಲ್ಲಿ ಸ್ಪೇನ್ ಅಂತರ್ಯುದ್ಧಕ್ಕೆ (1936–1939) ತುತ್ತಾಯಿತು. ಯುದ್ಧ ಮುಗಿದು ಜನರಲ್ ಫ್ರಾಂಕೊ ಅವರ ಸರ್ವಾಧಿಕಾರ ಆರಂಭವಾದಾಗ ರಸ್ತೆಗಳು ಹಾಳಾಗಿದ್ದವು, ಪೆಟ್ರೋಲಿಗೆ ಅಭಾವವಿತ್ತು, ಕಾರು ಕೊಳ್ಳುವ ಶಕ್ತಿ ಬಹುತೇಕ ಜನರಿಗೆ ಇರಲಿಲ್ಲ. ಅದರ ಬೆನ್ನಲ್ಲೇ ಎರಡನೆಯ ಮಹಾಯುದ್ಧ ಆರಂಭವಾದ್ದರಿಂದ ಹೊರದೇಶಗಳಿಂದ ವಾಹನಗಳನ್ನು ತರಿಸುವುದೂ ಕಷ್ಟವಾಯಿತು. ಕಡಿಮೆ ಬೆಲೆಯ, ಕಡಿಮೆ ಇಂಧನ ಬೇಡುವ ಸಣ್ಣ ಮೋಟಾರ್‌ಸೈಕಲ್ಲಿಗೆ ಇಂತಹ ಸನ್ನಿವೇಶದಲ್ಲಿ ದೊಡ್ಡ ಬೇಡಿಕೆ ಕಾದಿತ್ತು.

ಮೊಂಟೆಸಾ ಸಂಸ್ಥೆ

ಬಾರ್ಸಿಲೋನಾದವರೇ ಆದ ಪೆರೆ ಪೆರ್ಮಾನ್ಯೆರ್ ಅವರು ಆ ಕಾಲದಲ್ಲಿ, ಪೆಟ್ರೋಲಿಗೆ ಬದಲಾಗಿ ಇದ್ದಿಲಿನಂತಹ ಇಂಧನದಿಂದ ಅನಿಲ ಉತ್ಪಾದಿಸಿ ವಾಹನ ನಡೆಸುವ ಸಾಧನಗಳನ್ನು ತಯಾರಿಸುತ್ತಿದ್ದರು. ಪೆಟ್ರೋಲು ಮತ್ತೆ ದೊರೆಯತೊಡಗಿದರೆ ಆ ಸಾಧನಕ್ಕೆ ಬೇಡಿಕೆ ಉಳಿಯುವಂತಿರಲಿಲ್ಲ. ಬುಲ್ಟೊ ಮತ್ತು ಪೆರ್ಮಾನ್ಯೆರ್ ಜೊತೆಗೂಡಿ ಮೋಟಾರ್‌ಸೈಕಲ್ ತಯಾರಿಕೆಗೆ ಮುಂದಾದರು. ಫ್ರಾನ್ಸಿನ ಮೊಟೊಬೆಕಾನ್ ವಾಹನದ ಮಾದರಿಯನ್ನು ಆಧರಿಸಿದ, ಸುಮಾರು 100 ಸಿಸಿ ಸಾಮರ್ಥ್ಯದ ಮೊದಲ ಮೊಂಟೆಸಾ 1945ರಲ್ಲಿ ಹೊರಬಂದಿತು.

ಬುಲ್ಟೊ ಅವರು ಸಂಸ್ಥೆಯ ತಾಂತ್ರಿಕ ಮುಖ್ಯಸ್ಥರಾಗಿದ್ದು ಸುಮಾರು ಶೇಕಡಾ 30ರಷ್ಟು ಷೇರುಗಳನ್ನು ಹೊಂದಿದ್ದರು. ವಾಹನದ ಗುಣದೋಷಗಳು ಸ್ಪರ್ಧೆಯಲ್ಲಿ ಮಾತ್ರ ಸರಿಯಾಗಿ ಬೆಳಕಿಗೆ ಬರುತ್ತವೆ, ಸ್ಪರ್ಧೆಯಲ್ಲಿ ಗೆದ್ದ ವಾಹನವನ್ನೇ ಜನರು ಕೊಳ್ಳುತ್ತಾರೆ ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಅವರು ಸ್ವತಃ ಸವಾರರೂ ಆಗಿದ್ದರು. 1951ರಲ್ಲಿ ಇಟಲಿಯ ವಾರೇಸೆಯಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯಲ್ಲಿ ಬುಲ್ಟೊ ಮತ್ತು ಪೆರ್ಮಾನ್ಯೆರ್ ಇಬ್ಬರೂ ಮೊಂಟೆಸಾ ವಾಹನಗಳ ಮೇಲೆ ಭಾಗವಹಿಸಿದ್ದರು. 1956ರ ಐಲ್ ಆಫ್ ಮ್ಯಾನ್ ಟಿಟಿ ಸ್ಪರ್ಧೆಯ 125 ಸಿಸಿ ವಿಭಾಗದಲ್ಲಿ ಇಟಲಿಯ ಎಂ.ವಿ. ಅಗುಸ್ಟಾದ ಹಿಂದೆ ಎರಡನೆಯ, ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳು ಮೊಂಟೆಸಾ ಸವಾರರಿಗೇ ದೊರೆತವು. ಹೊರದೇಶಗಳಲ್ಲಿ ಹೆಚ್ಚು ಪರಿಚಯವಿಲ್ಲದಿದ್ದ ಸ್ಪೇನಿನ ಸಂಸ್ಥೆಗೆ ಇದು ದೊಡ್ಡ ಗೌರವವನ್ನು ತಂದಿತು.

1958ರ ಒಡಕು

1950ರ ದಶಕದ ಕೊನೆಯ ವರ್ಷಗಳಲ್ಲಿ ಸ್ಪೇನಿನ ಆರ್ಥಿಕ ಸ್ಥಿತಿ ಹದಗೆಟ್ಟಿತು. ಖರ್ಚನ್ನು ತಗ್ಗಿಸಲು ಸ್ಪರ್ಧೆಗಳಿಂದ ಹಿಂದೆ ಸರಿಯಬೇಕೆಂದು ಪೆರ್ಮಾನ್ಯೆರ್ ಮತ್ತು ಇತರ ಪಾಲುದಾರರು ಅಭಿಪ್ರಾಯಪಟ್ಟರು. ನೂರಾರು ಜನರ ಸಂಬಳದ ಹೊಣೆ ಹೊತ್ತ ಸಂಸ್ಥೆಗೆ ಅದು ವಿವೇಕದ ನಿರ್ಧಾರವೆಂದು ಅವರಿಗೆ ತೋರಿತ್ತು. ಸ್ಪರ್ಧೆಯನ್ನು ಕೈಬಿಟ್ಟರೆ ವಾಹನದ ಬೆಳವಣಿಗೆಯೇ ನಿಂತುಹೋಗುವುದೆಂದು ಬುಲ್ಟೊ ವಾದಿಸಿದರು. ಭಿನ್ನಾಭಿಪ್ರಾಯ ಬಗೆಹರಿಯಲಿಲ್ಲ. 1958ರ ಮೇ ತಿಂಗಳಲ್ಲಿ ಬುಲ್ಟೊ ಮೊಂಟೆಸಾವನ್ನು ತೊರೆದರು.

ಆಗ ಅವರ ವಯಸ್ಸು 46. ಕೈಯಲ್ಲಿದ್ದ ಇತರ ವ್ಯವಹಾರಗಳಿಗೆ ಗಮನ ಕೊಡುವುದು ಅವರ ಉದ್ದೇಶವಾಗಿತ್ತು. ಆದರೆ ಸ್ಪರ್ಧಾ ವಿಭಾಗದಲ್ಲಿ ಅವರೊಂದಿಗೆ ದುಡಿದಿದ್ದ ಕೆಲವರು ಮೊಂಟೆಸಾದ ಕೆಲಸ ಬಿಟ್ಟು ಬಂದು, ಹೊಸ ಸಂಸ್ಥೆಯನ್ನು ಆರಂಭಿಸುವಂತೆ ಅವರನ್ನು ಒತ್ತಾಯಿಸಿದರು. ಬುಲ್ಟೊ ಒಪ್ಪಿದರು.

ಬುಲ್ಟಾಕೊ ಸ್ಥಾಪನೆ

1958ರ ಜೂನ್ 3ರಂದು ಹೊಸ ಸಂಸ್ಥೆ ಅಧಿಕೃತವಾಗಿ ಅಸ್ತಿತ್ವಕ್ಕೆ ಬಂದಿತು. ಬಾರ್ಸಿಲೋನಾದ ಪಕ್ಕದ ಸಾಂತ್ ಆದ್ರಿಯಾ ದೆ ಬೆಸೋಸ್ ಎಂಬಲ್ಲಿ ಬುಲ್ಟೊ ಅವರಿಗೆ ಸೇರಿದ್ದ ಹಳೆಯ ತೋಟದ ಮನೆಯೇ ಮೊದಲ ಕಾರ್ಖಾನೆಯಾಯಿತು. ಅನುಕೂಲಗಳು ತೀರ ಕಡಿಮೆ ಇದ್ದುದರಿಂದ ಬಹಳಷ್ಟು ಕೆಲಸ ತೆರೆದ ಅಂಗಳದಲ್ಲಿಯೇ ನಡೆಯುತ್ತಿತ್ತು. ಬುಲ್ಟೊ ಎಂಬ ಮನೆತನದ ಹೆಸರನ್ನೂ ಪಾಕೊ ಎಂಬ ಕರೆಯುವ ಹೆಸರನ್ನೂ ಕೂಡಿಸಿ ವಾಹನಕ್ಕೆ ಬುಲ್ಟಾಕೊ ಎಂದು ಹೆಸರಿಡಲಾಯಿತು. ಹೆಬ್ಬೆರಳನ್ನು ಮೇಲೆತ್ತಿದ ಕೈ ಸಂಸ್ಥೆಯ ಲಾಂಛನವಾಯಿತು. ಬ್ರಿಟಿಷ್ ಸವಾರ ಡೇವಿಡ್ ವಿಟ್‌ವರ್ತ್ ಅವರು ಸ್ಪರ್ಧೆಯ ನಡುವೆ ಎಲ್ಲವೂ ಸರಿಯಾಗಿದೆ ಎಂದು ತಮ್ಮ ತಂಡದವರಿಗೆ ಹೆಬ್ಬೆರಳೆತ್ತಿ ಸೂಚಿಸಿದ್ದನ್ನು ಕಂಡು ಬುಲ್ಟೊ ಈ ಚಿಹ್ನೆಯನ್ನು ಆರಿಸಿಕೊಂಡರು.

ಮೊದಲ ವಾಹನವಾದ 125 ಸಿಸಿ ಸಾಮರ್ಥ್ಯದ ಟ್ರಾಲ್ಯಾ 101 ಅನ್ನು 1959ರ ಮಾರ್ಚ್ 24ರಂದು ಪತ್ರಕರ್ತರಿಗೆ ತೋರಿಸಲಾಯಿತು. ಟ್ರಾಲ್ಯಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಚಾಟಿಯ ತುದಿ. ಎರಡು ತಿಂಗಳ ಬಳಿಕ ನಡೆದ ಸ್ಪೇನಿನ ಸ್ಪರ್ಧೆಯಲ್ಲಿ ಮೊದಲ ಹತ್ತು ಸ್ಥಾನಗಳ ಪೈಕಿ ಏಳನ್ನು ಬುಲ್ಟಾಕೊ ಪಡೆದುಕೊಂಡಿತು. ಸ್ಪರ್ಧೆಯೇ ಮಾರಾಟದ ಮೂಲ ಎಂಬ ಬುಲ್ಟೊ ಅವರ ನಂಬಿಕೆಗೆ ಇದರಿಂದ ಬಲ ಬಂದಿತು. ಮುಂದೆ ಬಂದ ಮೆಟ್ರಾಲ್ಯಾ ಎಂಬ ರಸ್ತೆ ವಾಹನವೂ ಹೆಸರು ಮಾಡಿತು. 1967ರಲ್ಲಿ ಐಲ್ ಆಫ್ ಮ್ಯಾನ್‌ನಲ್ಲಿ ಸಾಮಾನ್ಯ ಮಾರಾಟದ ವಾಹನಗಳಿಗಾಗಿ ನಡೆದ ಸ್ಪರ್ಧೆಯ 250 ಸಿಸಿ ವಿಭಾಗವನ್ನು ಬಿಲ್ ಸ್ಮಿತ್ ಇದೇ ವಾಹನದಲ್ಲಿ ಗೆದ್ದರು.

ಸ್ಯಾಮಿ ಮಿಲ್ಲರ್ ಮತ್ತು ಶೆರ್ಪಾ ಟಿ

ಬುಲ್ಟಾಕೊ ಹೆಸರು ಇಂದಿಗೂ ಉಳಿದಿರುವುದು ಮುಖ್ಯವಾಗಿ ಟ್ರಯಲ್ಸ್ ಎಂಬ ಸ್ಪರ್ಧೆಯಿಂದ. ಇದು ವೇಗದ ಸ್ಪರ್ಧೆಯಲ್ಲ. ಬಂಡೆಗಳ ಮೇಲೆ, ತೊರೆಯ ಪಾತ್ರದಲ್ಲಿ, ಕಡಿದಾದ ಏರಿನಲ್ಲಿ ಗುರುತಿಸಿದ ಸಣ್ಣ ಹಾದಿಯನ್ನು ಸವಾರನು ಕಾಲನ್ನು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ದಂಡದ ಅಂಕ, ಹಲವು ಬಾರಿ ಊರಿದರೆ ಮೂರು, ವಾಹನ ನಿಂತರೆ ಅಥವಾ ಬಿದ್ದರೆ ಐದು. ಕೊನೆಯಲ್ಲಿ ಅತಿ ಕಡಿಮೆ ಅಂಕಗಳಿರುವವನೇ ಗೆದ್ದವನು. ಹಲವು ದಶಕಗಳ ಕಾಲ ಈ ಸ್ಪರ್ಧೆ ಬ್ರಿಟನ್ನಿನ ಫೋರ್-ಸ್ಟ್ರೋಕ್ ವಾಹನಗಳ ಹಿಡಿತದಲ್ಲಿತ್ತು. ಅವು ನಿಧಾನ ಗತಿಯಲ್ಲಿಯೂ ಚೆನ್ನಾಗಿ ಎಳೆಯುತ್ತಿದ್ದವಾದರೂ ಬಹಳ ಭಾರವಾಗಿದ್ದವು.

ಉತ್ತರ ಐರ್ಲೆಂಡಿನ ಸ್ಯಾಮಿ ಮಿಲ್ಲರ್ ಆ ಕಾಲದ ಅಗ್ರಗಣ್ಯ ಟ್ರಯಲ್ಸ್ ಸವಾರರು. ಏರಿಯಲ್ ಎಂಬ ಬ್ರಿಟಿಷ್ ವಾಹನದ ಮೇಲೆ ಅವರು 1962 ಮತ್ತು 1964ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ ಗೆದ್ದಿದ್ದರು. ಆದರೆ ಏರಿಯಲ್ ಸಂಸ್ಥೆ ಆ ಬಗೆಯ ವಾಹನದ ತಯಾರಿಕೆಯನ್ನು ಅದಾಗಲೇ ನಿಲ್ಲಿಸಿತ್ತು. 1964ರ ಕೊನೆಯ ಭಾಗದಲ್ಲಿ ಬುಲ್ಟೊ ಅವರ ಆಹ್ವಾನದ ಮೇರೆಗೆ ಮಿಲ್ಲರ್ ಬಾರ್ಸಿಲೋನಾಕ್ಕೆ ಬಂದರು. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವುಗಳ ಜೋಡಣೆ ಇಲ್ಲದಿರುವುದರಿಂದ ಬಿಡಿಭಾಗಗಳು ಕಡಿಮೆ, ತೂಕವೂ ಕಡಿಮೆ. ನಿಧಾನ ಗತಿಯಲ್ಲಿ ಅದಕ್ಕೆ ಎಳೆಯುವ ಬಲ ಸಾಲದು ಎಂಬುದು ಅಂದಿನ ಸಾಮಾನ್ಯ ಅಭಿಪ್ರಾಯವಾಗಿತ್ತು. ಮಿಲ್ಲರ್, ಬುಲ್ಟೊ ಮತ್ತು ಕಾರ್ಖಾನೆಯ ತಂತ್ರಜ್ಞರು ಹಗಲೆಲ್ಲ ಗುಡ್ಡಗಳಲ್ಲಿ ಓಡಿಸಿ ನೋಡುವುದು, ಕಂಡ ದೋಷವನ್ನು ಕಾರ್ಖಾನೆಯಲ್ಲಿ ತಿದ್ದುವುದು, ಮತ್ತೆ ಓಡಿಸುವುದು, ಹೀಗೆ ಹನ್ನೆರಡು ದಿನಗಳಲ್ಲಿ 244 ಸಿಸಿ ಸಾಮರ್ಥ್ಯದ ಹೊಸ ವಾಹನವೊಂದನ್ನು ರೂಪಿಸಿದರು. ಅದೇ ಶೆರ್ಪಾ ಟಿ.

1965ರಲ್ಲಿ ಮಿಲ್ಲರ್ ಇದೇ ವಾಹನದ ಮೇಲೆ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ ಗೆದ್ದರು. ಟೂ-ಸ್ಟ್ರೋಕ್ ವಾಹನವೊಂದು ಆ ಸ್ಪರ್ಧೆಯನ್ನು ಗೆದ್ದುದು ಅದೇ ಮೊದಲು. 1967 ಮತ್ತು 1968ರಲ್ಲಿಯೂ ಅವರು ಬುಲ್ಟಾಕೊ ಮೇಲೆ ಅದೇ ಸ್ಪರ್ಧೆಯನ್ನು ಗೆದ್ದರು. ಭಾರವಾದ ಫೋರ್-ಸ್ಟ್ರೋಕ್ ವಾಹನಗಳು ಕೆಲವೇ ವರ್ಷಗಳಲ್ಲಿ ಈ ಕ್ರೀಡೆಯಿಂದ ಮರೆಯಾದವು. ಮೊಂಟೆಸಾ ಮತ್ತು ಒಸ್ಸಾ ಎಂಬ ಸ್ಪೇನಿನ ಇನ್ನೆರಡು ಸಂಸ್ಥೆಗಳೂ ಟ್ರಯಲ್ಸ್ ವಾಹನಗಳ ತಯಾರಿಕೆಗೆ ಇಳಿದವು.

ಇತರ ಸಾಧನೆಗಳು

ಟ್ರಯಲ್ಸ್ ಜೊತೆಗೆ ಮೋಟೋಕ್ರಾಸ್ ಸ್ಪರ್ಧೆಗಾಗಿ ಪುರ್‌ಸಾಂಗ್, ದೂರದ ಕಚ್ಚಾ ಹಾದಿಗಳಿಗಾಗಿ ಮ್ಯಾಟಡೋರ್ ಮತ್ತು ಫ್ರಂಟೇರಾ, ಅಮೆರಿಕದ ಮಣ್ಣಿನ ಓಟದಂಕಣಗಳಿಗಾಗಿ ಆಸ್ಟ್ರೊ ಮುಂತಾದ ವಾಹನಗಳನ್ನು ಬುಲ್ಟಾಕೊ ತಯಾರಿಸಿತು. ಇವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ರಫ್ತಾಗುತ್ತಿತ್ತು. 1973ರಲ್ಲಿ ಸ್ಪೇನಿನಲ್ಲಿ ನಡೆದ 250 ಸಿಸಿ ಮೋಟೋಕ್ರಾಸ್ ಗ್ರಾಂಡ್ ಪ್ರಿಯನ್ನು ಅಮೆರಿಕದ ಜಿಮ್ ಪಾಮರಾಯ್ ಬುಲ್ಟಾಕೊ ಮೇಲೆ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿದ ಮೋಟೋಕ್ರಾಸ್ ಸ್ಪರ್ಧೆಯನ್ನು ಅಮೆರಿಕದವರೊಬ್ಬರು ಗೆದ್ದುದು ಅದೇ ಮೊದಲು.

1975ರಲ್ಲಿ ಟ್ರಯಲ್ಸ್ ಕ್ರೀಡೆಗೆ ವಿಶ್ವ ಚಾಂಪಿಯನ್‌ಷಿಪ್ ಮನ್ನಣೆ ದೊರೆತಾಗ ಮೊದಲ ಪ್ರಶಸ್ತಿಯನ್ನು ಇಂಗ್ಲೆಂಡಿನ ಮಾರ್ಟಿನ್ ಲ್ಯಾಂಪ್‌ಕಿನ್ ಪಡೆದರು. 1976ರಿಂದ 1978ರವರೆಗೆ ಫಿನ್ಲೆಂಡಿನ ಯೂರಿಯೊ ವೆಸ್ಟೆರಿನೆನ್, 1979ರಲ್ಲಿ ಅಮೆರಿಕದ ಬರ್ನಿ ಶ್ರೈಬರ್ ಚಾಂಪಿಯನ್ ಆದರು. ಈ ಐದೂ ವರ್ಷಗಳ ಚಾಂಪಿಯನ್ನರು ಏರಿದ್ದು ಬುಲ್ಟಾಕೊವನ್ನೇ. ರಸ್ತೆ ಓಟದ 50 ಸಿಸಿ ವಿಭಾಗದಲ್ಲಿ ಏಂಜಲ್ ನಿಯೆಟೊ 1976 ಮತ್ತು 1977ರಲ್ಲಿ, ರಿಕಾರ್ಡೊ ಟೋರ್ಮೊ 1978 ಮತ್ತು 1981ರಲ್ಲಿ ಬುಲ್ಟಾಕೊ ಮೇಲೆ ವಿಶ್ವ ಚಾಂಪಿಯನ್ ಆದರು.

ಅವನತಿಯ ಕಾರಣಗಳು

ಈ ಪ್ರಶಸ್ತಿಗಳ ಪಟ್ಟಿಯನ್ನಷ್ಟೇ ನೋಡಿದರೆ 1970ರ ದಶಕದ ಕೊನೆಯ ವರ್ಷಗಳು ಬುಲ್ಟಾಕೊಗೆ ಸುವರ್ಣಯುಗವೆಂದು ತೋರುತ್ತದೆ. ವಾಸ್ತವದಲ್ಲಿ ಸಂಸ್ಥೆ ಅದೇ ವರ್ಷಗಳಲ್ಲಿ ಕುಸಿಯುತ್ತಿತ್ತು. ಇದಕ್ಕೆ ಹಲವು ಕಾರಣಗಳು ಏಕಕಾಲದಲ್ಲಿ ಕೂಡಿಬಂದವು.

ಮೊದಲನೆಯದು ಜಪಾನಿ ಸಂಸ್ಥೆಗಳ ಪ್ರವೇಶ. 1968ರಲ್ಲಿ ಯಮಹಾ ಸಂಸ್ಥೆಯು ಡಿಟಿ-1 ಎಂಬ, ರಸ್ತೆಯಲ್ಲಿಯೂ ಕಚ್ಚಾ ಹಾದಿಯಲ್ಲಿಯೂ ಓಡಬಲ್ಲ ವಾಹನವನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. 1970ರಲ್ಲಿ ಸುಜುಕಿ ವಾಹನವು ಮೋಟೋಕ್ರಾಸ್ 250 ಸಿಸಿ ವಿಶ್ವ ಪ್ರಶಸ್ತಿಯನ್ನು ಗೆದ್ದಿತು. ಭಾರಿ ಪ್ರಮಾಣದಲ್ಲಿ ತಯಾರಾಗುತ್ತಿದ್ದ ಈ ವಾಹನಗಳ ಬೆಲೆಯೊಂದಿಗೆ ಪೈಪೋಟಿ ನಡೆಸುವುದು ಸಣ್ಣ ಕಾರ್ಖಾನೆಗೆ ಸಾಧ್ಯವಿರಲಿಲ್ಲ. ಶೆರ್ಪಾ ಟಿ ರೂಪಿಸಿದ್ದ ಸ್ಯಾಮಿ ಮಿಲ್ಲರ್ ಅವರನ್ನೂ ಹೊಂಡಾ ಸಂಸ್ಥೆಯು ತನ್ನ ಟ್ರಯಲ್ಸ್ ವಾಹನದ ಅಭಿವೃದ್ಧಿಗಾಗಿ 1974ರಲ್ಲಿ ಸೇರಿಸಿಕೊಂಡಿತು.

ಎರಡನೆಯದು ಸ್ವದೇಶದ ಮಾರುಕಟ್ಟೆಯ ಸ್ವರೂಪ. ಫ್ರಾಂಕೊ ಆಡಳಿತದಲ್ಲಿ ವಿದೇಶಿ ವಾಹನಗಳ ಆಮದಿಗೆ ಬಿಗಿಯಾದ ನಿರ್ಬಂಧಗಳಿದ್ದವು. ಇದರಿಂದ ಸ್ಪೇನಿನ ತಯಾರಕರಿಗೆ ರಕ್ಷಣೆ ದೊರೆಯಿತಾದರೂ, ಹೊಸ ಯಂತ್ರೋಪಕರಣಗಳನ್ನು ಅಳವಡಿಸಿ ವೆಚ್ಚ ತಗ್ಗಿಸುವ ಒತ್ತಡ ಅವರ ಮೇಲೆ ಬೀಳಲಿಲ್ಲ. ಜೊತೆಗೆ ಸಣ್ಣ ಕಾರುಗಳು ಮಧ್ಯಮ ವರ್ಗದ ಕೈಗೆಟುಕಿದಂತೆ ಮೋಟಾರ್‌ಸೈಕಲ್ ದಿನಬಳಕೆಯ ವಾಹನವಾಗಿ ಉಳಿಯಲಿಲ್ಲ. ಬುಲ್ಟಾಕೊ ಹೀಗೆ ರಫ್ತನ್ನು, ಅದರಲ್ಲಿಯೂ ಅಮೆರಿಕವನ್ನು, ಹೆಚ್ಚಾಗಿ ಅವಲಂಬಿಸಿತ್ತು. ಅಲ್ಲಿ ಬೇಡಿಕೆ ಇಳಿದಾಗ ಅದರ ಪೆಟ್ಟು ನೇರವಾಗಿ ಬಾರ್ಸಿಲೋನಾದ ಕಾರ್ಖಾನೆಗೆ ತಟ್ಟಿತು.

ಮೂರನೆಯದು ರಾಜಕೀಯ ಬದಲಾವಣೆ. 1975ರ ನವೆಂಬರಿನಲ್ಲಿ ಫ್ರಾಂಕೊ ನಿಧನರಾದ ಬಳಿಕ ಸ್ಪೇನ್ ಪ್ರಜಾಪ್ರಭುತ್ವದತ್ತ ಹೊರಳಿತು. ಸರ್ವಾಧಿಕಾರದ ಕಾಲದಲ್ಲಿ ಸ್ವತಂತ್ರ ಕಾರ್ಮಿಕ ಸಂಘಗಳಿಗೆ ಅವಕಾಶವಿರಲಿಲ್ಲ. ದೀರ್ಘಕಾಲ ಅದುಮಿಟ್ಟಿದ್ದ ಬೇಡಿಕೆಗಳು ಈಗ ಹೊರಬಂದು ಮುಷ್ಕರಗಳ ರೂಪ ತಳೆದವು. ಬೆಲೆಗಳು ತೀವ್ರವಾಗಿ ಏರುತ್ತಿದ್ದುದರಿಂದ ಹೆಚ್ಚಿನ ವೇತನ ಕೇಳುವುದು ಕಾರ್ಮಿಕರಿಗೆ ಅನಿವಾರ್ಯವಾಗಿತ್ತು. ಮಾರಾಟ ಕುಸಿದಿದ್ದ ಸಂಸ್ಥೆಗೆ ಅದನ್ನು ಕೊಡುವ ಶಕ್ತಿ ಇರಲಿಲ್ಲ.

ವಿಲೀನದ ಯತ್ನ ಮತ್ತು ಮುಕ್ತಾಯ

ಇದೇ ಸಂಕಟವನ್ನು ಸ್ಪೇನಿನ ಇತರ ತಯಾರಕರೂ ಎದುರಿಸುತ್ತಿದ್ದರು. ಸಿನಿಮಾ ಪ್ರೊಜೆಕ್ಟರುಗಳ ತಯಾರಿಕೆಯಿಂದ ಮೋಟಾರ್‌ಸೈಕಲ್ ಕ್ಷೇತ್ರಕ್ಕೆ ಬಂದಿದ್ದ ಒಸ್ಸಾ ಸಂಸ್ಥೆಯು 1971 ಮತ್ತು 1972ರಲ್ಲಿ ಮಿಕ್ ಆಂಡ್ರ್ಯೂಸ್ ಅವರ ಮೂಲಕ ಯುರೋಪಿನ ಟ್ರಯಲ್ಸ್ ಪ್ರಶಸ್ತಿಗಳನ್ನು ಗೆದ್ದಿತ್ತು. ದಶಕದ ಕೊನೆಯ ವೇಳೆಗೆ ಅದೂ ನಷ್ಟದಲ್ಲಿತ್ತು. ಪ್ರತ್ಯೇಕವಾಗಿ ಉಳಿಯಲಾರದ ಬುಲ್ಟಾಕೊ ಮತ್ತು ಒಸ್ಸಾಗಳನ್ನು ಒಂದುಗೂಡಿಸಿದರೆ ವೆಚ್ಚ ಇಳಿದು ಎರಡೂ ಉಳಿಯಬಹುದೆಂಬ ಆಶಯದಿಂದ 1979ರ ಸುಮಾರಿಗೆ ವಿಲೀನದ ಕ್ರಮ ನಡೆಯಿತು. ಆದರೆ ಎರಡೂ ಸಂಸ್ಥೆಗಳ ಮಾರುಕಟ್ಟೆ ಒಂದೇ, ಕೊರತೆಯೂ ಒಂದೇ ಆಗಿತ್ತು. ಹೊಸ ಬಂಡವಾಳವಾಗಲಿ ಹೊಸ ತಂತ್ರಜ್ಞಾನವಾಗಲಿ ಈ ಜೋಡಣೆಯಿಂದ ಬರಲಿಲ್ಲ.

ಬುಲ್ಟಾಕೊ ಕಾರ್ಖಾನೆಯ ಕೆಲಸ 1979ರಲ್ಲಿ ಸ್ಥಗಿತಗೊಂಡಿತು. ಆ ವರ್ಷದ ವಿಶ್ವ ಚಾಂಪಿಯನ್ ಶ್ರೈಬರ್ ಮುಂದೆ ಇಟಲಿಯ ಇಟಾಲ್‌ಜೆಟ್ ಸಂಸ್ಥೆಗೆ ತೆರಳಿದರು. 1980ರಲ್ಲಿ ಕಾರ್ಖಾನೆ ಮತ್ತೆ ತೆರೆದು ಸಣ್ಣ ಪ್ರಮಾಣದಲ್ಲಿ ತಯಾರಿಕೆ ನಡೆಸಿತು. 1981ರಲ್ಲಿ ಟೋರ್ಮೊ ಗೆದ್ದ ಪ್ರಶಸ್ತಿ ಈ ಸಂಕಷ್ಟದ ನಡುವೆಯೇ ಬಂದದ್ದು. 1983ರಲ್ಲಿ ತಯಾರಿಕೆ ಶಾಶ್ವತವಾಗಿ ನಿಂತುಹೋಯಿತು. ಕೆಲವು ವರ್ಷಗಳ ಅಂತರದಲ್ಲಿ ಒಸ್ಸಾ ಕೂಡ ಮುಚ್ಚಿತು.

ಮೊಂಟೆಸಾದ ಗತಿ

1958ರಲ್ಲಿ ಬುಲ್ಟೊ ತೊರೆದು ಬಂದಿದ್ದ ಮೊಂಟೆಸಾ ಸಂಸ್ಥೆಯದು ಬೇರೆ ಹಾದಿ. 1980ರ ದಶಕದ ಆರಂಭದಲ್ಲಿ ಅದು ಹೊಂಡಾ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಸ್ಪೇನ್ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿದ 1986ರಲ್ಲಿಯೇ ಮೊಂಟೆಸಾದ ಬಹುಪಾಲು ಷೇರುಗಳು ಹೊಂಡಾ ಕೈಸೇರಿದವು. ಸಂಸ್ಥೆಯ ಸ್ವಾತಂತ್ರ್ಯ ಹೋಯಿತು, ಆದರೆ ಹೆಸರು ಉಳಿಯಿತು. ಹೊಂಡಾ ಎಂಜಿನ್ ಹೊಂದಿದ ಮೊಂಟೆಸಾ ಕೋಟಾ ಎಂಬ ಟ್ರಯಲ್ಸ್ ವಾಹನದ ಮೇಲೆ ಸ್ಪೇನಿನ ಟೋನಿ ಬೌ 2007ರಿಂದ ಆರಂಭಿಸಿ ಸತತವಾಗಿ ಹಲವು ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಇದೇ ಅವಧಿಯಲ್ಲಿ ಸ್ಪೇನಿನ ಸಾಂಗ್ಲಾಸ್ ಸಂಸ್ಥೆ ಯಮಹಾದೊಂದಿಗೂ ಅವೆಲ್ಲೊ ಸಂಸ್ಥೆ ಸುಜುಕಿಯೊಂದಿಗೂ ಸೇರಿಹೋದವು.

ಹೆಸರಿನ ಮರುಬಳಕೆ

ಬುಲ್ಟಾಕೊ ಮುಚ್ಚಿದ ನಂತರವೂ ಅದರ ಪ್ರಭಾವ ಬೇರೆ ಸಂಸ್ಥೆಗಳಲ್ಲಿ ಮುಂದುವರಿಯಿತು. ಜಿರೋನಾ ಪ್ರದೇಶದಲ್ಲಿ ಬುಲ್ಟಾಕೊ ಮಾರಾಟಗಾರರಾಗಿದ್ದ ನಾರ್ಸಿಸ್ ಕಾಸಾಸ್ ಮತ್ತು ಜೋಸೆಪ್ ಪಿಬೆರ್ನಾಟ್, ಮಾರಲು ವಾಹನವೇ ಇಲ್ಲದಂತಾದಾಗ 1985ರಲ್ಲಿ ತಾವೇ ಗ್ಯಾಸ್‌ಗ್ಯಾಸ್ ಎಂಬ ಹೆಸರಿನಲ್ಲಿ ತಯಾರಿಕೆಗೆ ತೊಡಗಿದರು. ಆ ಸಂಸ್ಥೆಯೂ ಮುಂದೆ ದಿವಾಳಿಯಾಗಿ, ಕೈಬದಲಿಸಿ, 2019ರಿಂದ ಆಸ್ಟ್ರಿಯಾದ ಕೆಟಿಎಂ ಸಮೂಹದ ಭಾಗವಾಯಿತು. 1990ರ ದಶಕದ ಕೊನೆಯಲ್ಲಿ ಹುಟ್ಟಿದ ಶೆರ್ಕೊ ಸಂಸ್ಥೆಯು ತನ್ನ ಹೆಸರನ್ನು ಶೆರ್ಪಾ ಮತ್ತು ಬುಲ್ಟಾಕೊ ಎಂಬ ಎರಡು ಪದಗಳಿಂದ ರೂಪಿಸಿಕೊಂಡಿತು. 2014ರಲ್ಲಿ ಬುಲ್ಟಾಕೊ ಹೆಸರಿನಲ್ಲಿಯೇ ವಿದ್ಯುತ್ ಚಾಲಿತ ವಾಹನಗಳನ್ನು ತಯಾರಿಸುವ ಹೊಸ ಸಂಸ್ಥೆ ಘೋಷಣೆಯಾಯಿತು. ಅದು ಕೆಲವೇ ವರ್ಷ ನಡೆಯಿತು.

ಕುಟುಂಬ ಮತ್ತು ಕೊನೆಯ ದಿನಗಳು

ಬುಲ್ಟೊ ಅವರ ಕುಟುಂಬದಲ್ಲಿ ಮೋಟಾರ್‌ಸೈಕಲ್ ಸವಾರಿ ಮನೆಮಂದಿಯೆಲ್ಲರ ಹವ್ಯಾಸವಾಗಿತ್ತು. ಅವರ ಸೋದರಳಿಯ ಓರಿಯೋಲ್ ಪುಯಿಗ್ ಬುಲ್ಟೊ ಸಂಸ್ಥೆಯಲ್ಲಿ ವಾಹನಗಳ ಅಭಿವೃದ್ಧಿಗಾಗಿ ದುಡಿದರು. ಮಗಳ ಮಗ ಸೆಟೆ ಗಿಬರ್ನೌ (ಜನನ 1972) ರಸ್ತೆ ಓಟದ ಪ್ರಸಿದ್ಧ ಸ್ಪರ್ಧಿಯಾಗಿ, 2003 ಮತ್ತು 2004ರ ಮೋಟೋಜಿಪಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವ್ಯಾಲೆಂಟಿನೊ ರೋಸ್ಸಿ ಅವರ ನಂತರದ ಎರಡನೆಯ ಸ್ಥಾನ ಪಡೆದರು. ಆ ಎರಡೂ ವರ್ಷ ಅವರು ಓಡಿಸಿದ್ದು ಹೊಂಡಾ ವಾಹನವನ್ನು. ಅದನ್ನು ನೋಡಲು ತಾತ ಬದುಕಿರಲಿಲ್ಲ.

ಕಾರ್ಖಾನೆ ಮುಚ್ಚಿದ ಬಳಿಕ ಬುಲ್ಟೊ ಹದಿನೈದು ವರ್ಷ ಬದುಕಿದ್ದರು. 1998ರ ಆಗಸ್ಟ್ 3ರಂದು, ತಮ್ಮ 86ನೆಯ ವಯಸ್ಸಿನಲ್ಲಿ ನಿಧನರಾದರು.

ಮಹತ್ವ

ಸ್ಪರ್ಧೆಯನ್ನು ಬಿಟ್ಟರೆ ಸಂಸ್ಥೆ ಉಳಿಯದು ಎಂಬ ಬುಲ್ಟೊ ಅವರ ನಿಲುವು ಮತ್ತು ಸ್ಪರ್ಧೆಯ ಖರ್ಚು ಸಂಸ್ಥೆಯನ್ನು ಮುಳುಗಿಸಬಹುದು ಎಂಬ ಪೆರ್ಮಾನ್ಯೆರ್ ಅವರ ನಿಲುವು, ಈ ಎರಡರಲ್ಲಿ ಯಾವುದು ಸರಿ ಎಂದು ಬುಲ್ಟಾಕೊ ಇತಿಹಾಸ ಸುಲಭವಾಗಿ ತೀರ್ಮಾನ ಕೊಡುವುದಿಲ್ಲ. ತೋಟದ ಮನೆಯ ಅಂಗಳದಲ್ಲಿ ಆರಂಭವಾದ ಸಂಸ್ಥೆಯನ್ನು ಜಗತ್ತಿನ ಗಮನಕ್ಕೆ ತಂದದ್ದು ಸ್ಪರ್ಧೆಯ ಗೆಲುವುಗಳೇ. ಐದು ವರ್ಷಗಳ ಸತತ ವಿಶ್ವ ಪ್ರಶಸ್ತಿಗಳು ಅದೇ ಸಂಸ್ಥೆಯನ್ನು ಉಳಿಸಲಿಲ್ಲ ಎಂಬುದೂ ಅಷ್ಟೇ ಸತ್ಯ. ಸ್ಪರ್ಧೆಯಿಂದ ಹಿಂದೆ ಸರಿದು ಮುಂದೆ ಮರಳಿ ಬಂದ ಮೊಂಟೆಸಾ ಕೂಡ ಸ್ವತಂತ್ರವಾಗಿ ಉಳಿಯಲಾರದೆ, ದೊಡ್ಡ ಸಂಸ್ಥೆಯೊಂದರ ಆಸರೆ ಪಡೆಯಬೇಕಾಯಿತು.

ಕ್ರೀಡೆಯ ದೃಷ್ಟಿಯಿಂದ ಬುಲ್ಟೊ ಅವರ ಕೊಡುಗೆ ನಿರ್ವಿವಾದವಾದುದು. ಹಗುರವಾದ ಟೂ-ಸ್ಟ್ರೋಕ್ ವಾಹನ ಬಂದ ನಂತರ ಟ್ರಯಲ್ಸ್ ಸವಾರಿಯ ರೀತಿಯೇ ಬದಲಾಯಿತು. ಮೊದಲು ದಾಟಲಾಗದೆಂದು ಬಿಟ್ಟಿದ್ದ ಬಂಡೆಗಳೂ ಏರುಗಳೂ ಸ್ಪರ್ಧೆಯ ಹಾದಿಯೊಳಗೆ ಸೇರಿದವು. ಬ್ರಿಟನ್ನಿನಲ್ಲಿ ನೆಲೆಸಿದ್ದ ಈ ಕ್ರೀಡೆ ಕೆಟಲೋನಿಯಾದಲ್ಲಿಯೂ ಬೇರೂರಿತು. ಹಳೆಯ ವಾಹನಗಳಿಗಾಗಿಯೇ ಯುರೋಪು ಮತ್ತು ಅಮೆರಿಕಗಳಲ್ಲಿ ನಡೆಯುವ ಟ್ರಯಲ್ಸ್ ಸ್ಪರ್ಧೆಗಳಲ್ಲಿ, ಆಸಕ್ತರು ದುರಸ್ತಿ ಮಾಡಿ ಕಾಪಾಡಿಕೊಂಡು ಬಂದಿರುವ ಶೆರ್ಪಾ ಟಿ ವಾಹನಗಳು ಈಗಲೂ ಓಡುತ್ತವೆ.